ಎಸ್‌ಡಿಆರ್ ತಗೊಂಡೆ, 7 ಮೆಗಾಹರ್ಟ್ಸ್‌ನಲ್ಲಿ ಬರೀ ಗೊರಗೊರ. ಡಾಂಗಲ್ ಕೆಟ್ಟಿದೆಯಾ? (ತಿಪಟೂರು)

ಕೊಬ್ಬರಿಮಿಠಾಯಿ · ತಿಪಟೂರು · ಭಾನುವಾರ ರಾತ್ರಿ 9:42

ಎಲ್ಲರಿಗೂ ನಮಸ್ಕಾರ. ನಾನು ಇದಕ್ಕೆ ಪೂರ್ತಿ ಹೊಸಬ. ತಿಪಟೂರಿಂದ ಒಂಬತ್ತು ಕಿಲೋಮೀಟರ್ ಒಳಗೆ ನಮ್ಮೂರು, ಮನೆ ತೋಟದಲ್ಲೇ ಇದೆ. ಹ್ಯಾಮ್ ರೇಡಿಯೋದವರು (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು) ಮಾತಾಡೋದು ಕೇಳಬೇಕು ಅಂತ ಆಸೆಪಟ್ಟು ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚಿ ಸಾಫ್ಟ್‌ವೇರ್ ಮೂಲಕ ರೇಡಿಯೋ ಕೇಳುವ ಪುಟ್ಟ ರಿಸೀವರ್) ತರಿಸಿದೆ. ವಿ3 ಅಂತ ಮೇಲೆ ಬರೆದಿದೆ. ವಿಡಿಯೋ ನೋಡಿಕೊಂಡು ಝ್ಯಾಡಿಗ್‌ನಲ್ಲಿ ಡ್ರೈವರ್ ಹಾಕಿದೆ, ರೇಡಿಯೋ ಕೇಳಿಸುವ ಎಸ್‌ಡಿಆರ್‌ಶಾರ್ಪ್ ಸಾಫ್ಟ್‌ವೇರ್ ಓಪನ್ ಆಯ್ತು. ಎಫ್‌ಎಂ ಹಾಡು ಚೆನ್ನಾಗಿ ಬರುತ್ತಿದೆ. ಆದರೆ 7.100ಕ್ಕೆ ತಿರುಗಿಸಿದರೆ ಮನುಷ್ಯರ ದನಿ ಒಂದೂ ಇಲ್ಲ. ಬರೀ ಗೊರ್ರ್ ಅನ್ನುತ್ತೆ. ಎರಡು ಕಡೆ ಅದೇ ಎಫ್‌ಎಂ ಹಾಡು ಮಸುಕಾಗಿ ಕೇಳಿಸಿತು. 7 ಮೆಗಾಹರ್ಟ್ಸ್‌ನಲ್ಲಿ ಸಿನಿಮಾ ಹಾಡು ಹೇಗೆ ಸಾಧ್ಯ?

ಅಪ್ಪ ಡಾಂಗಲ್ ಕೈಯಲ್ಲಿ ಹಿಡಿದು ನೋಡಿ, "ಪೆನ್‌ಡ್ರೈವಿಗೆ ಇಷ್ಟು ದುಡ್ಡಾ?" ಅಂದರು. ವಾಪಸ್ ಕಳಿಸೋಕೆ ಇನ್ನು ಎರಡೇ ದಿನ ಇದೆ. ಕಳಿಸಲಾ, ಇಟ್ಟುಕೊಳ್ಳಲಾ?

ಅಂತರಗಂಗೆ · ಕೋಲಾರ · ಭಾನುವಾರ ರಾತ್ರಿ 10:05

ಕಳಿಸಬೇಡಿ. ಡಾಂಗಲ್ ಸರಿಯಾಗೇ ಇದೆ.

ಆ ಡಾಂಗಲ್ ಹುಟ್ಟಿದ್ದು ಟಿವಿ ನೋಡೋಕೆ. ಒಳಗಿರುವ ಆರ್‌ಟಿಎಲ್2832ಯು ಚಿಪ್ ರೇಡಿಯೋಗೂ ಬಳಸಬಹುದು ಅಂತ ಗೊತ್ತಾಗಿ 2012ರಿಂದ ಈ ಹುಚ್ಚು ಹಬ್ಬಿತು. ಚಿಪ್ಪಿನ ಮುಂದೆ ಬೇಕಾದ ಫ್ರೀಕ್ವೆನ್ಸಿ ಆರಿಸುವ ಒಂದು ಟ್ಯೂನರ್ ಕೂತಿರುತ್ತೆ. ಆ ಟ್ಯೂನರ್ ಸುಮಾರು 24 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿಯಲ್ಲ. ನೀವು 7.100 ಅಂತ ಬರೆದರೂ ಅದಕ್ಕೆ ಅಲ್ಲಿಗೆ ಹೋಗೋಕೆ ಬರಲ್ಲ, ಎಲ್ಲೆಲ್ಲಿಂದಲೋ ಎಫ್‌ಎಂ ನುಗ್ಗಿಸಿ ಕೊಡುತ್ತೆ.

ವಿ3ಯಲ್ಲಿ ಟ್ಯೂನರನ್ನು ಬಿಟ್ಟು ಬಳಸುದಾರಿಯಲ್ಲಿ ಹೋಗಬಹುದು. ಎಸ್‌ಡಿಆರ್‌ಶಾರ್ಪ್‌ನಲ್ಲಿ ಮೊದಲು ಸ್ಟಾಪ್ ಒತ್ತಿ. ಆಮೇಲೆ ಹಲ್ಲಿನ ಚಕ್ರದ ಗುರುತು ಒತ್ತಿ, ಸ್ಯಾಂಪ್ಲಿಂಗ್ ಮೋಡ್ ಕಡೆ ಡೈರೆಕ್ಟ್ ಸ್ಯಾಂಪ್ಲಿಂಗ್, ಕ್ಯು ಬ್ರಾಂಚ್ ಆರಿಸಿ. ಓಡುತ್ತಿರುವಾಗ ಅದು ಬದಲಾಗಲ್ಲ, ಸುಮ್ನೆ ಮಂಕಾಗಿ ಕೂತಿರುತ್ತೆ. ನಾನು ಒಂದು ವಾರ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ.

ನಂತರ ಎಎಂ ಇಟ್ಟು 612 ಕಿಲೋಹರ್ಟ್ಸ್‌ಗೆ ಹೋಗಿ. ಆಕಾಶವಾಣಿ ಬೆಂಗಳೂರು ಕೇಳಿಸಿದರೆ ನಿಮ್ಮ ಡಾಂಗಲ್ ಪಾಸ್.

ಕೊಬ್ಬರಿಮಿಠಾಯಿ · ಸೋಮವಾರ ಬೆಳಿಗ್ಗೆ 7:15

ಅಣ್ಣಾ, ಬಂತು! 612ರಲ್ಲಿ ಕನ್ನಡ ಕೇಳಿಸಿತು. ಅಜ್ಜಿ ಒಳಗಿಂದ "ರೇಡಿಯೋ ರಿಪೇರಿ ಆಯ್ತೇನೋ?" ಅಂದರು. ನಮ್ಮನೆಯ ಹಳೇ ಟ್ರಾನ್ಸಿಸ್ಟರ್ ಕೆಟ್ಟು ಹತ್ತು ವರ್ಷ ಆಗಿದೆ.

ಆದರೆ 7.1ರಲ್ಲಿ ಇನ್ನೂ ಅದೇ ಗೊರಗೊರ. ಹಾಡು ಹೋಯ್ತು, ಅಷ್ಟೇ. ವಾಟರ್‌ಫಾಲ್ (ಪರದೆ ಮೇಲೆ ಸಿಗ್ನಲ್‌ಗಳು ಬಣ್ಣವಾಗಿ ಇಳಿಯುವ ಚಿತ್ರ) ತುಂಬಾ ಸಮ ಅಂತರದಲ್ಲಿ ಹಳದಿ ಪಟ್ಟೆ, ಪಂಚೆ ಅಂಚಿನ ಹಾಗೆ. ಆಂಟೆನಾ ಡಬ್ಬದ ಜೊತೆ ಬಂದಿದ್ದೇ, ಎರಡು ಕಡ್ಡಿ, ಮೊಲದ ಕಿವಿ ಥರ. ಕಿಟಕಿ ಹತ್ತಿರ ಇಟ್ಟಿದ್ದೇನೆ.

ಫುಲ್ ಗೇನ್ · ಚಿಂತಾಮಣಿ · ಸೋಮವಾರ ಬೆಳಿಗ್ಗೆ 8:30

ಗುರು, ಗೇನ್, ಅದೇ ಸಿಗ್ನಲ್ ಹಿಗ್ಗಿಸೋ ಪಟ್ಟಿ, ಪೂರ್ತಿ ಏರಿಸು. ಅದಕ್ಕೂ ಆಗಲಿಲ್ಲ ಅಂದ್ರೆ ಎಲ್‌ಎನ್‌ಎ ಅನ್ನೋ ಒಂದು ಆಂಪ್ಲಿಫೈಯರ್ ತಗೋ. ಸಿಗ್ನಲ್ ದೊಡ್ಡದಾಗುತ್ತೆ.

ಹಳೇ ವಾಲ್ವ್ · ತುಮಕೂರು · ಸೋಮವಾರ ಬೆಳಿಗ್ಗೆ 10:20

ಫುಲ್ ಗೇನ್ ಅವರೇ, ಹೆಸರಿಗೆ ತಕ್ಕ ಸಲಹೆ ಕೊಟ್ಟಿದ್ದೀರಿ. ಸಂತೆಯಲ್ಲಿ ನಿಂತು ಪಿಸುಮಾತು ಕೇಳಿಸುತ್ತಿಲ್ಲ ಅಂತ ಕಿವಿಗೆ ಮೈಕು ಕಟ್ಟಿಕೊಂಡರೆ ಸಂತೆಯೇ ಜೋರಾಗಿ ಕೇಳಿಸುತ್ತೆ. ಅಲ್ಲದೆ ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ ಟ್ಯೂನರೇ ದಾರಿಯಲ್ಲಿಲ್ಲ. ಆ ಗೇನ್ ಪಟ್ಟಿ ಎಳೆದರೂ ಒಂದೇ, ಬಿಟ್ಟರೂ ಒಂದೇ.

ತಮ್ಮ, ನಿನಗೆ ಎರಡು ತೊಂದರೆ ಇವೆ. ಮೊದಲನೆಯದು ಆಂಟೆನಾ. 7 ಮೆಗಾಹರ್ಟ್ಸ್ ಅಂದರೆ ಹೆಚ್ಚುಕಮ್ಮಿ 42 ಮೀಟರ್ ಉದ್ದದ ಅಲೆ. ಅದನ್ನು ಒಂದು ಮೊಳದ ಕಡ್ಡಿಯಲ್ಲಿ ಹಿಡಿಯೋಕೆ ಹೊರಟಿದ್ದೀಯ. ಅರ್ಧ ಅಲೆಯ ಡೈಪೋಲ್ ಕಟ್ಟು. ಒಟ್ಟು 20 ಮೀಟರ್, ಅಂದರೆ 66 ಅಡಿ. ನಡುವೆ ಕತ್ತರಿಸಿದರೆ ಆ ಕಡೆ 33, ಈ ಕಡೆ 33. ಮನೆ ವೈರಿಂಗ್ ಮಾಡುವ ತಾಮ್ರದ ವೈರು ಸಾಕು. ನಡುವಿನಿಂದ ಡಿಶ್ ಟಿವಿ ಕೇಬಲ್ ಎಳೆದುಕೋ: ಒಳಗಿನ ತಂತಿ ಒಂದು ಕಡೆಗೆ, ಮೇಲಿನ ಜಾಲರಿ ಇನ್ನೊಂದು ಕಡೆಗೆ. ಡಾಂಗಲ್ ತುದಿಗೆ ಎಸ್‌ಎಂಎ ಪಿನ್ನಿನ ಅಡಾಪ್ಟರ್ ಬೇಕು.

ನೀನು ತಿಪಟೂರಿನವನು, ಕಂಬಕ್ಕೆ ದುಡ್ಡು ಹಾಕಬೇಕಿಲ್ಲ. ತೆಂಗಿನ ಸಾಲಿನಲ್ಲಿ ಮರದಿಂದ ಮರಕ್ಕೆ 30 ಅಡಿ ಇರುತ್ತೆ ಅಲ್ವಾ? ನಾಲ್ಕು ಮರ ಹಿಡಿ, 90 ಅಡಿ ಆಯ್ತು. ವೈರಿನ ಎರಡೂ ತುದಿಗೆ ನೈಲಾನ್ ಹಗ್ಗ ಕಟ್ಟಿ ಕೊನೆಯ ಮರಗಳಿಗೆ ಬಿಗಿ. ನೇರ ವೈರನ್ನೇ ಮರಕ್ಕೆ ಸುತ್ತಬೇಡ. ಗಾಳಿ ಬಂದಾಗ ತೆಂಗು ತೂಗುತ್ತೆ, ಸ್ವಲ್ಪ ಸಡಿಲ ಬಿಡು. ಕರೆಂಟ್ ಲೈನ್ ಹತ್ತಿರ ಮಾತ್ರ ಬೇಡವೇ ಬೇಡ. ಮೋಡ ಕಟ್ಟಿತು ಅಂದರೆ ಕೇಬಲ್ ಕಿತ್ತು ಮನೆಯಿಂದ ಹೊರಗೆ ಹಾಕು. ಸಿಡಿಲಿಗೆ ತೆಂಗು ಅಂದರೆ ಎಷ್ಟು ಪ್ರೀತಿ ಅಂತ ನಿನಗೆ ನಾನು ಹೇಳಬೇಕಾ?

ಎರಡನೆಯ ತೊಂದರೆ ಆ ಪಟ್ಟೆ. ಅದು ನಿಮ್ಮ ಮನೆಯದೇ ಗಲಾಟೆ. ಅದನ್ನು ಬೇರೆಯವರು ಹೇಳಲಿ, ನನಗೆ ಟೈಪ್ ಮಾಡಿ ಬೆರಳು ನೋಯುತ್ತಿದೆ.

ಮಧುಗಿರಿ ಬಂಡೆ · ಮಧುಗಿರಿ · ಸೋಮವಾರ ಮಧ್ಯಾಹ್ನ 1:12

ವಾಲ್ವ್ ತಾತನಿಗೆ ಬೆರಳು ನೋಯುತ್ತೆ, ಚುಕ್ಕೆ-ಗೆರೆ ಸಂಕೇತ ಕಳಿಸೋ ಮೋರ್ಸ್ ಕೀ ಹಿಡಿದರೆ ನೋಯಲ್ಲ 😄

ನನ್ನದೊಂದು ಮಾತು. ಹೊಸಬರಿಗೆ 40 ಮೀಟರ್ ಬ್ಯಾಂಡ್ (ಅದೇ ಈ 7 ಮೆಗಾಹರ್ಟ್ಸ್) ಕಷ್ಟ. 137 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದ ನೋವಾ ಹವಾಮಾನ ಉಪಗ್ರಹ ಹಿಡಿದು ಮೋಡದ ಚಿತ್ರ ತೆಗಿ. ಬೇಗ ಖುಷಿ ಸಿಗುತ್ತೆ.

ಅಂತರಗಂಗೆ · ಸೋಮವಾರ ಮಧ್ಯಾಹ್ನ 1:40

ಬಂಡೆ, ಯಾವ ಕಾಲದಲ್ಲಿದ್ದೀಯ? ನೋವಾ 15, 18, 19 ಮೂರನ್ನೂ 2025ರಲ್ಲಿ ನಿಲ್ಲಿಸಿದರು. ಈಗ ಚಿತ್ರ ಬೇಕು ಅಂದರೆ ರಷ್ಯಾದ ಮೀಟಿಯೋರ್, ಅದು ಡಿಜಿಟಲ್. ಹಳೇ ವಿಡಿಯೋ ನೋಡಿ ಖಾಲಿ ಆಕಾಶಕ್ಕೆ ಆಂಟೆನಾ ಹಿಡಿದು ಕೂತವರು ಎಷ್ಟು ಜನವೋ.

ಮಧುಗಿರಿ ಬಂಡೆ · ಸೋಮವಾರ ಮಧ್ಯಾಹ್ನ 1:44

ಅಯ್ಯೋ. ಕಳೆದ ತಿಂಗಳು ನಾನೂ ಟೆರೇಸ್ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ಆಂಟೆನಾ ಸರಿಯಿಲ್ಲ ಅಂದುಕೊಂಡು ಹೊಸದು ಬೇರೆ ಮಾಡಿದೆ.

ವಿದುರಾಶ್ವತ್ಥ · ಗೌರಿಬಿದನೂರು · ಸೋಮವಾರ ಸಂಜೆ 6:50

ಪಟ್ಟೆ ವಿಷಯ ನಾನು ಹೇಳುತ್ತೇನೆ. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ, ಹುಡುಗರು ಡಾಂಗಲ್ ತಂದಾಗ ಪ್ರತಿ ವರ್ಷ ಇದೇ ಕಥೆ.

ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಚಾರ್ಜರ್, ಯುಪಿಎಸ್, ಎಲ್ಲದರ ಒಳಗೂ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗುವ ಸರ್ಕ್ಯೂಟ್ ಇದೆ. ಒಳ್ಳೆಯ ಕಂಪನಿಯದಾದರೆ ಫಿಲ್ಟರ್ ಇರುತ್ತೆ. ಅಗ್ಗದ್ದರಲ್ಲಿ ಅದನ್ನೇ ಉಳಿಸಿರುತ್ತಾರೆ. ಆ ಆನ್-ಆಫ್‌ನ ಮರಿಗಳೇ ಸಮ ಅಂತರದಲ್ಲಿ 7 ಮೆಗಾಹರ್ಟ್ಸ್‌ವರೆಗೂ ಬಂದು ಪಟ್ಟೆ ಆಗುತ್ತವೆ. ಮನೆಯ ವೈರಿಂಗೇ ಅದಕ್ಕೆ ಆಂಟೆನಾ.

ಹಳ್ಳಿಯಲ್ಲಿರುವ ನಿಮಗೆ ಪುಕ್ಕಟೆ ಒಂದು ಉಪಾಯ ಇದೆ, ಬೆಂಗಳೂರಿನವರಿಗೆ ಅಷ್ಟು ಸುಲಭವಾಗಿ ಸಿಗಲ್ಲ. ಕರೆಂಟ್ ಹೋಗುವವರೆಗೂ ಕಾಯಿರಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಲಿ, ಚಾರ್ಜರ್ ಕಿತ್ತಿಡಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ, ಇಲ್ಲದಿದ್ದರೆ ಅದೇ ಕಿರುಚುತ್ತೆ. ಆಗ ವಾಟರ್‌ಫಾಲ್ ನೋಡಿ.

ನಮ್ಮೂರ ಹತ್ತಿರವೇ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಯವರು ಕಟ್ಟಿದ ರೇಡಿಯೋ ವೀಕ್ಷಣಾಲಯ ಇದೆ. ಅಲ್ಲಿ 34.5 ಮೆಗಾಹರ್ಟ್ಸ್‌ಗೆ ಟಿ ಅಕ್ಷರದ ಆಕಾರದಲ್ಲಿ 1000 ಡೈಪೋಲ್ ಹಾಕಿದ್ದರು. ದೊಡ್ಡ ತಟ್ಟೆ ಇರುತ್ತೆ ಅಂದುಕೊಂಡು ಹೋದ ನನ್ನ ಹುಡುಗರು ಬೇಲಿ ಕಂಬದ ಥರ ಸಾಲು ತಂತಿ ನೋಡಿ ಪೆಚ್ಚಾದರು. ವಾಲ್ವ್ ಸರ್ ಹೇಳಿದ ಡೈಪೋಲ್‌ನ ದಾಯಾದಿಗಳೇ ಅವು. ಗದ್ದಲ ಇಲ್ಲದ ಜಾಗ ಹುಡುಕಿಕೊಂಡು ಬಂದವರು ಅವರು. ನಿಮಗೆ ಆ ಜಾಗ ಮನೆಯಲ್ಲೇ ಇದೆ, ಸ್ವಿಚ್ ಆಫ್ ಮಾಡಿದರೆ.

ಕೊಬ್ಬರಿಮಿಠಾಯಿ · ಸೋಮವಾರ ರಾತ್ರಿ 8:05

ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಬುಧವಾರ ಕಾಯಿ ಕೆಡವೋಕೆ ಜನ ಬರುತ್ತಾರೆ. ಅವರಿಗೇ ಹೇಳಿ ವೈರು ಕಟ್ಟಿಸುತ್ತೇನೆ. ವಾಪಸ್ ಕಳಿಸೋ ಯೋಚನೆ ಬಿಟ್ಟೆ.

ಒಂದು ಭಯ ಇದೆ. ಅಪ್ಪ ಕೇಳಿದರು, "ಪೊಲೀಸರು ಬರಲ್ಲ ತಾನೆ?" ಅಂತ. ಏನು ಹೇಳಲಿ?

ಹಳೇ ವಾಲ್ವ್ · ಸೋಮವಾರ ರಾತ್ರಿ 8:40

ಅಪ್ಪನಿಗೆ ಹೇಳು: ಈ ಡಾಂಗಲ್‌ಗೆ ಕಿವಿ ಇದೆ, ಬಾಯಿಲ್ಲ. ಇದರಿಂದ ಒಂದು ಮಾತನ್ನೂ ಹೊರಗೆ ಕಳಿಸೋಕೆ ಬರಲ್ಲ. ಹ್ಯಾಮ್‌ಗಳು ಮಾತಾಡೋದೂ ಗುಟ್ಟಿನದಲ್ಲ, ಗುಟ್ಟಿನ ಭಾಷೆ ಬಳಸುವಂತೆಯೇ ಇಲ್ಲ. ಆದರೆ ಪೊಲೀಸ್, ವಿಮಾನ, ಸೇನೆ ಅಂತ ಬೇರೆಯವರ ಚಾನೆಲ್ ಕೆದಕಬೇಡ. ಕಿವಿಗೆ ಬಿದ್ದರೂ ರೆಕಾರ್ಡ್ ಮಾಡಿ ಸ್ಟೇಟಸ್ ಹಾಕೋ ಹುಡುಗಾಟ ಬೇಡ.

ಮಾತಾಡಬೇಕು ಅನಿಸಿದ ದಿನ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರಿ. 12 ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಬೇಡ, ವಿಯು3 ಅಂತ ಶುರುವಾಗುವ ಕರೆಹೆಸರು ಸಿಗುತ್ತೆ. ಜನರಲ್‌ಗೆ ನಿಮಿಷಕ್ಕೆ 8 ಪದ ಮೋರ್ಸ್, ಅದಕ್ಕೆ ವಿಯು2. ಪರೀಕ್ಷೆಗೆ ಮುಂಚೆ ಆರು ತಿಂಗಳು ಬರೀ ಕೇಳಿದವನು ಆಮೇಲೆ ಮೈಕ್ ಹಿಡಿದಾಗ ತಡವರಿಸಲ್ಲ. ನಮ್ಮ ಕಾಲದಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಸಾಮಾನು ಆರಿಸಿ ತಂದು ರಿಸೀವರ್ ಕಟ್ಟುತ್ತಿದ್ದೆವು. ಮೊದಲ ಸಲ ಆನ್ ಮಾಡಿದಾಗ ನನ್ನದರಿಂದ ಬಂದಿದ್ದು ಹೊಗೆ.

ಕೊಬ್ಬರಿಮಿಠಾಯಿ · ಶುಕ್ರವಾರ ರಾತ್ರಿ 11:20

ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬುಧವಾರ ವೈರು ಏರಿತು. ಮರ ಹತ್ತಿದ ಅಣ್ಣ "ಇದೇನು, ಬಟ್ಟೆ ಒಣಗಿಸೋಕಾ?" ಅಂತ ಕೇಳಿದ. ನಮ್ಮ ಸಾಲಿನಲ್ಲಿ ನಡುವಿನ ಒಂದು ಮರ ಸುಳಿ ಕೊಳೆತು ಹೋಗಿದೆ, ಹಾಗಾಗಿ ಒಂದು ಕಡೆ ವೈರು ಸ್ವಲ್ಪ ಜೋತುಬಿದ್ದಿದೆ. ಪರವಾಗಿಲ್ಲ ಅಂದುಕೊಂಡಿದ್ದೇನೆ. ಆಂಟೆನಾ ಹಾಕಿದ ಕೂಡಲೇ 612 ಜೋರಾಯ್ತು, ಆದರೆ ಪಟ್ಟೆಗಳೂ ಜೋರಾದವು.

ಇವತ್ತು ಏಳೂಕಾಲಿಗೆ ಕರೆಂಟ್ ಹೋಯ್ತು. ನಾನು ಓಡಿಹೋಗಿ ಯುಪಿಎಸ್ ಆಫ್ ಮಾಡಿದೆ. ಅಮ್ಮ ಅಡುಗೆ ಮನೆಯಿಂದ ಬೈದರು, ರೊಟ್ಟಿ ಹಂಚಿನ ಮೇಲಿತ್ತು. ಕತ್ತಲಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಿದರೆ, ನಂಬುತ್ತೀರಾ, ಪರದೆ ತುಂಬಾ ಇದ್ದ ಹಳದಿ ಪಟ್ಟೆ ಮಾಯ! ಕಡು ನೀಲಿ. ಅದರ ಮೇಲೆ ಅಲ್ಲೊಂದು ಇಲ್ಲೊಂದು ತೆಳ್ಳಗೆ, ಕಂಬಳಿಹುಳು ಹರಿದ ಹಾಗೆ ಗುರುತು. ಒಂದರ ಮೇಲೆ ಕ್ಲಿಕ್ ಮಾಡಿದೆ. ಯಾರೋ ಬಾತುಕೋಳಿ ಥರ ಕ್ವಾಕ್ ಕ್ವಾಕ್ ಅಂದರು. ಎಲ್‌ಎಸ್‌ಬಿ (ಈ ಬ್ಯಾಂಡಿನಲ್ಲಿ ಮಾತಿಗೆ ಬಳಸುವ ಮೋಡ್) ಇಡೋದು ಮರೆತಿದ್ದೆ. ಇಟ್ಟ ಮೇಲೆ ಮೌಸ್ ಚಕ್ರ ಒಂದೊಂದೇ ಹಲ್ಲು ತಿರುಗಿಸಿದೆ. ಬಾತುಕೋಳಿ ಸಣ್ಣಗೆ ಕೀರಲು ದನಿ ಆಯ್ತು, ಆಮೇಲೆ ಗಡುಸಾಯ್ತು, ಆಮೇಲೆ ಇದ್ದಕ್ಕಿದ್ದಂತೆ ಮನುಷ್ಯ ಆಯ್ತು! ಹೈದರಾಬಾದಿನವರೊಬ್ಬರು ಇಂಗ್ಲಿಷಿನಲ್ಲಿ ತಮ್ಮ ಮಂಡಿನೋವಿನ ಬಗ್ಗೆ ಹೇಳುತ್ತಿದ್ದರು. ಇನ್ನೊಬ್ಬರು "ಫೈವ್ ನೈನ್, ಫೈವ್ ನೈನ್" (ದನಿ ಸ್ಪಷ್ಟ, ಸಿಗ್ನಲ್ ಜೋರು ಅಂತ) ಅಂದು ಯಾವುದೋ ಎಣ್ಣೆಯ ಹೆಸರು ಹೇಳಿದರು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಮಂಡಿನೋವಿನ ಮಾತು ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು, ಅವರು ಹೋದರು. ಜೀವನದಲ್ಲಿ ಮೊದಲ ಸಲ ಕರೆಂಟ್ ಬಂದಿದ್ದಕ್ಕೆ ಬೇಜಾರಾಯ್ತು.

ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಒಂದೊಂದೇ ಆನ್ ಮಾಡಿ ಹುಡುಕಿದೆ. ಫ್ರಿಜ್ ಪಾಪ, ಏನೂ ಮಾಡಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಸ್ವಲ್ಪ ಕಳ್ಳ. ದೊಡ್ಡ ಕಳ್ಳ ಕೊಟ್ಟಿಗೆಯ ಎಲ್‌ಇಡಿ ಟ್ಯೂಬು, ಸಂತೆಯಲ್ಲಿ ತಂದಿದ್ದು. ಅದನ್ನು ಆರಿಸಿದರೆ ಮುಕ್ಕಾಲು ಪಟ್ಟೆ ಹೋಗುತ್ತೆ.

ಆದರೆ ಒಂದು ಮಾತ್ರ ಕರೆಂಟ್ ಇಲ್ಲದಿದ್ದಾಗಲೂ ಹೋಗಲಿಲ್ಲ. ಸುಮಾರು ಸೆಕೆಂಡಿಗೊಂದು ಸಲ ಟಕ್, ಟಕ್, ಟಕ್. ವಾಟರ್‌ಫಾಲ್‌ನಲ್ಲಿ ಈ ತುದಿಯಿಂದ ಆ ತುದಿವರೆಗೆ ಅಡ್ಡಗೆರೆ. ಗೋಡೆ ಗಡಿಯಾರದ ಸೆಲ್ ಕೂಡ ತೆಗೆದು ನೋಡಿದೆ. ಅದಲ್ಲ.

ಫುಲ್ ಗೇನ್ · ಶುಕ್ರವಾರ ರಾತ್ರಿ 11:31

ಮೊಬೈಲ್ ಟವರ್ ಇರಬೇಕು.

ವಿದುರಾಶ್ವತ್ಥ · ಶನಿವಾರ ಬೆಳಿಗ್ಗೆ 6:10

ಟವರ್ ಹಾಗೆ ಟಕ್ ಟಕ್ ಅನ್ನಲ್ಲ. ಕರೆಂಟ್ ಇಲ್ಲದಾಗಲೂ ಇದೆ ಅಂದರೆ ಬ್ಯಾಟರಿಯಲ್ಲಿ ಓಡುವ ಏನೋ ಇದೆ. ಬ್ಯಾಟರಿ, ಸೆಕೆಂಡಿಗೊಂದು ಹೊಡೆತ. ಏನಿರಬಹುದು?

ಅಂತರಗಂಗೆ · ಶನಿವಾರ ಬೆಳಿಗ್ಗೆ 6:25

ಸೋಲಾರ್ ಬೇಲಿ! ಹಂದಿ ಬರದಿರಲಿ ಅಂತ ಹಾಕ್ತಾರಲ್ಲ, ಅದು. ನಮ್ಮ ಕಡೆ ಮಾವಿನ ತೋಪಿನಲ್ಲಿ ಇದೇ ಆಗಿತ್ತು. ಮಷೀನ್ ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಸಾವಿರಾರು ವೋಲ್ಟಿನ ಚಿಕ್ಕ ಹೊಡೆತ ಕೊಡುತ್ತೆ. ಬೇಲಿ ಸರಿಯಾಗಿದ್ದರೆ ಅಷ್ಟು ಕೇಳಿಸಲ್ಲ. ಎಲ್ಲೋ ಹುಲ್ಲೋ ಕೊಂಬೆಯೋ ತಾಗಿ ಕಿಡಿ ಹಾರುತ್ತಿದ್ದರೆ ಮಾತ್ರ ಹೀಗೆ. ಕಿಡಿ ಅಂದರೆ ಅದೇ ಒಂದು ಟ್ರಾನ್ಸ್‌ಮಿಟರ್. ಕತ್ತಲಾದ ಮೇಲೆ ಬೇಲಿ ಉದ್ದಕ್ಕೂ ನಡೆದು ನೋಡಿ, ಕಣ್ಣಿಗೇ ಕಾಣುತ್ತೆ. ಮುಟ್ಟಬೇಡಿ.

ಕೊಬ್ಬರಿಮಿಠಾಯಿ · ಶನಿವಾರ ರಾತ್ರಿ 9:15

ಅಣ್ಣಾ, ನಿಮ್ಮ ಬಾಯಿಗೆ ಸಕ್ಕರೆ. ಪಕ್ಕದ ತೋಟದ ಮಾವನ ಬೇಲಿ. ಮೂಲೆಯಲ್ಲಿ ತೆಂಗಿನ ಗರಿ ಬಿದ್ದು ತಂತಿಗೆ ಒರಗಿತ್ತು. ಕತ್ತಲಲ್ಲಿ ಹೋದರೆ ಗರಿಯ ಬುಡದಲ್ಲಿ ನೀಲಿ ಕಿಡಿ, ಚಟ್, ಚಟ್. ಮಾವನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮಷೀನ್ ಆಫ್ ಮಾಡಿ ಗರಿ ಎಳೆದು ಹಾಕಿದರು. "ಹದಿನೈದು ದಿನದಿಂದ ಹಂದಿ ಯಾಕೆ ನುಗ್ಗುತ್ತಿತ್ತು ಅಂತ ಈಗ ಗೊತ್ತಾಯ್ತು" ಅಂದರು. ಝಟ್ಕಾ ಎಲ್ಲಾ ಗರಿಯಲ್ಲೇ ನೆಲಕ್ಕೆ ಇಳಿದು ಹೋಗುತ್ತಿತ್ತಂತೆ. "ನಿನಗೆ ಮನೇಲಿ ಕೂತು ಹೇಗೆ ಗೊತ್ತಾಯ್ತೋ?" ಅಂತ ಮೂರು ಸಲ ಕೇಳಿದರು. ಕೊಟ್ಟಿಗೆ ಟ್ಯೂಬೂ ಬದಲಾಯ್ತು.

ಮಧುಗಿರಿ ಬಂಡೆ · ಶನಿವಾರ ರಾತ್ರಿ 9:40

ಎಸ್‌ಡಿಆರ್ ಇಂದ ಹಂದಿ ಕಾಟ ನಿಂತ ಮೊದಲ ಕೇಸು ಇದೇ ಇರಬೇಕು.

ಅಂತರಗಂಗೆ · ಭಾನುವಾರ ಬೆಳಿಗ್ಗೆ 8:00

ಇನ್ನು ಮುಂದಕ್ಕೆ. ಮನುಷ್ಯರ ದನಿ ಸಾಕೆನಿಸಿದಾಗ 7.074ರಲ್ಲಿ ಎಫ್‌ಟಿ8 ನೋಡಿ, ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ ಅದು. ಡಬ್ಲ್ಯುಎಸ್‌ಜೆಟಿ-ಎಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್. 15 ಸೆಕೆಂಡಿಗೊಂದು ಸರದಿ, ಕಿವಿಗೆ ಬರೀ ಕೊಳಲು ಊದಿದ ಹಾಗೆ, ಪರದೆ ಮೇಲೆ ಜಪಾನ್, ಇಂಡೋನೇಷ್ಯಾ ಅಂತ ಬಂದು ಬೀಳುತ್ತೆ. 40 ಮೀಟರ್‌ನಲ್ಲಿ ಮಾತಿಗೆ ಎಲ್‌ಎಸ್‌ಬಿ, ಆದರೆ ಎಫ್‌ಟಿ8ಗೆ ಯಾವಾಗಲೂ ಯುಎಸ್‌ಬಿ ಮೋಡ್ (ಕಂಪ್ಯೂಟರಿನ ಯುಎಸ್‌ಬಿ ಅಲ್ಲ), ಮರೀಬೇಡಿ. ಲ್ಯಾಪ್‌ಟಾಪ್ ಗಡಿಯಾರ ಎರಡು-ಮೂರು ಸೆಕೆಂಡ್ ತಪ್ಪಿದರೂ ಒಂದಕ್ಷರ ಬರಲ್ಲ.

14 ಮೆಗಾಹರ್ಟ್ಸ್ ಕಡೆ ಹೋದಾಗ ಒಂದೇ ಸ್ಟೇಷನ್ ಎರಡು ಕಡೆ ಕಂಡರೆ ಗಾಬರಿ ಬೇಡ. ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ 14.4 ಒಂದು ಕನ್ನಡಿ, ಆ ಕಡೆ ಕಾಣೋದು ನೆರಳು.

ಮೊಲದ ಕಿವಿ ಬಿಸಾಡಬೇಡಿ. ಪ್ರತಿ ಕಡ್ಡಿ ಅರ್ಧ ಮೀಟರ್ ಎಳೆದು, ವಿ ಆಕಾರಕ್ಕೆ ಅಗಲಿಸಿ, ಸ್ಯಾಂಪ್ಲಿಂಗ್ ಮೋಡ್ ವಾಪಸ್ ಕ್ವಾಡ್ರೇಚರ್‌ಗೆ ತಂದು 145.800 ಎಫ್‌ಎಂ ಇಡಿ. ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ದನಿ ಅಲ್ಲೇ ಇಳಿಯೋದು. ಆಗಾಗ ಚಿತ್ರವನ್ನೂ ದನಿ ಮಾಡಿ ಕಳಿಸುತ್ತಾರೆ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅಲ್ಲಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಜೊತೆ ಮಾತಾಡಿದ್ದೂ ಹ್ಯಾಮ್ ರೇಡಿಯೋದಲ್ಲೇ. ನಿಲ್ದಾಣ ತಲೆ ಮೇಲೆ ದಾಟೋದು ಹೆಚ್ಚೆಂದರೆ ಹತ್ತು ನಿಮಿಷ. ಬರುವಾಗ ಫ್ರೀಕ್ವೆನ್ಸಿ ಮೂರೂವರೆ ಕಿಲೋಹರ್ಟ್ಸ್‌ನಷ್ಟು ಮೇಲಿರುತ್ತೆ, ಹೋಗುವಾಗ ಅಷ್ಟೇ ಕೆಳಗೆ. ರೈಲಿನ ಸೀಟಿ ದಾಟಿದ ಹಾಗೆ. ವಾಟರ್‌ಫಾಲ್‌ನಲ್ಲಿ ಆ ಗೆರೆ ಸೊಟ್ಟಗೆ ಬಾಗೋದು ನೋಡಿ.

ಕೊಬ್ಬರಿಮಿಠಾಯಿ · ಮುಂದಿನ ಗುರುವಾರ ಬೆಳಿಗ್ಗೆ 7:50

ಇವತ್ತು ಬೆಳಿಗ್ಗೆ ಕನ್ನಡ ಕೇಳಿಸಿತು! ಇಬ್ಬರು ಮಳೆ ಬಗ್ಗೆ ಮಾತಾಡುತ್ತಿದ್ದರು. ಅಪ್ಪ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು. ಐದು ನಿಮಿಷ ಏನೂ ಮಾತಿಲ್ಲ. ಆಮೇಲೆ "ಇವರಿಗೆ ಕೊಬ್ಬರಿ ರೇಟು ಗೊತ್ತಿರುತ್ತಾ, ಕೇಳು" ಅಂದರು. ಇದು ಬರೀ ಕೇಳೋಕೆ ಅಪ್ಪ, ಮಾತಾಡೋಕಲ್ಲ ಅಂದೆ. "ಪರೀಕ್ಷೆ ಬರಿ ಹಾಗಾದ್ರೆ" ಅಂದರು.

ಹಳೇ ವಾಲ್ವ್ · ಗುರುವಾರ ಬೆಳಿಗ್ಗೆ 9:30

ಬರಿ ಬರಿ. ಆದರೆ ಅಪ್ಪನಿಗೆ ಈಗಲೇ ಹೇಳಿಬಿಡು, ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಮಂಡಿನೋವು ಆಗುತ್ತೆ, ಮಳೆ ಆಗುತ್ತೆ, ಕೊಬ್ಬರಿ ರೇಟು ಆಗಲ್ಲ.

ಕೊಬ್ಬರಿಮಿಠಾಯಿ · ಗುರುವಾರ ಬೆಳಿಗ್ಗೆ 9:48

ಹೇಳಿದೆ ಸರ್. "ಮತ್ತೆ ಇದರಿಂದ ಏನು ಉಪಯೋಗ?" ಅಂದರು. ಆದರೆ ಕೊಟ್ಟಿಗೆ ದೀಪ ತಾವೇ ಹೋಗಿ ಆರಿಸಿ ಬಂದರು.